ಇಲ್ಲದ ಬ್ರೇಕು

ರುಸ್ತಾವಿಯ ಕಾರು ಸಂತೆಯಲ್ಲಿ ಗಾಳಿಗೆ ಮರ್ಯಾದೆಯಿಲ್ಲ.
ಬೆಲೆ ಬರೆದ ರಟ್ಟು ಕಿತ್ತು
ಬಡವನದನ್ನು ಸಾಹುಕಾರನ ಗಾಜಿಗೆ ಬಡಿದು
ಮುಂದೆ ಹೋಗುತ್ತದೆ.
ನಾನು, ಎತೇರಿ, ಐವತ್ತೊಂದು ತುಂಬಿದವಳು,
ಹತ್ತೊಂಬತ್ತು ವರ್ಷ ಡ್ರೈವಿಂಗ್ ಸ್ಕೂಲಿನ ಮೇಡಮ್ಮು,
ಸ್ವಂತದ್ದೊಂದು ಕಾರಿಲ್ಲದೆ
ಎರಡು ಕಾರುಗಳ ನಡುವೆ ನಿಂತಿದ್ದೇನೆ.

ಒಂದು ಬಿಳಿ.
ಇನ್ನೊಂದು ಹಸಿರು, ಅದೂ ಪೂರ್ತಿ ಹಸಿರಲ್ಲ,
ಉಪ್ಪುನೀರಲ್ಲಿ ವಾರ ಕಳೆದ ಸೌತೆಕಾಯಿಯ ಬಣ್ಣ.
ಎರಡೂ ಗಿಡ್ಡ, ಎರಡೂ ಎದೆಯುಬ್ಬಿಸಿವೆ:
ಜೀಪಾಗಲು ಹೊರಟವು
ಪೇಟೆಯ ಪಾರ್ಕಿಂಗು ನೆನಪಾಗಿ ಅರ್ಧಕ್ಕೇ ನಿಂತಂತೆ.

ಜೊತೆಗೆ ಬಾದ್ರಿ, ಮೈದುನ.
ಅವನಣ್ಣ ನನ್ನ ಬಿಟ್ಟು ಎಂಟು ವರ್ಷ,
ಇವನು ಮಾತ್ರ ಮೈದುನತನ ಬಿಟ್ಟಿಲ್ಲ.
ಚೌಕಳಿ ಪುಸ್ತಕದಲ್ಲಿ ಗೆರೆ ಹೊಡೆದು ತಂದಿದ್ದಾನೆ,
ನೆಲಕ್ಕೂ ಕಾರಿನ ಹೊಟ್ಟೆಗೂ ಎಷ್ಟು ಸೆಂಟಿಮೀಟರು,
ಡಿಕ್ಕಿಗೆ ಎಷ್ಟು ಮೂಟೆ,
ಲೀಟರಿಗೆ ಎಷ್ಟು ದೂರ, ಹೇಳಿದ್ದೆಷ್ಟು, ನಿಜವೆಷ್ಟು.
ಬಿಳಿಗೆ ಒಂಬತ್ತು ಅಂಕ. ಹಸಿರಿಗೆ ಆರು.
ಅಡಿಗೆರೆ ಎರಡು ಸಲ.

ಬಿಳಿಯ ಒಡೆಯ ಜುಮ್ಬೇರ್ ಬಾಗಿಲು ತೆರೆದು ಹಿಡಿದ:
‘ಅಮೆರಿಕದಲ್ಲಿ ಒಬ್ಬ ಮುದುಕಿ
ಭಾನುವಾರ ಚರ್ಚಿಗಷ್ಟೇ ಓಡಿಸಿದ್ದು.’
ಈ ಸಂತೆಯ ಅಷ್ಟೂ ಕಾರು ಓಡಿಸಿದ್ದು ಅದೇ ಮುದುಕಿ.
ಪುಣ್ಯಾತ್ಗಿತ್ತಿ, ಯಾವ ಪಾಪ ತೊಳೆಯಲು
ಅಷ್ಟು ಚರ್ಚು ಸುತ್ತಿದಳೋ.

ನಾನು ಎಡಗಡೆಯ ಸ್ಟೀರಿಂಗು ಬಿಟ್ಟು
ಬಲಗಡೆ ಹತ್ತಿ ಕೂತೆ. ಅಭ್ಯಾಸ.
ಅವನೇ ಓಡಿಸಿದ. ಒಳಗೆ ಸದ್ದೇ ಇಲ್ಲ,
ಹತ್ತಿಯಲ್ಲಿ ಸುತ್ತಿಟ್ಟ ಗಡಿಯಾರದ ಹಾಗೆ.
ಮುಂದೊಂದು ಲಾರಿ ನಿಂತಿತು.
ನನ್ನ ಬಲಗಾಲು ತಾನಾಗಿ ಕೆಳಗೊತ್ತಿತು,
ಅಲ್ಲಿ ಪೆಡಲಿಲ್ಲ, ಬರೀ ಕಾರ್ಪೆಟ್ಟು.
ಕಾರು ಮಾತ್ರ ಟಿಣ್ ಎಂದು ತಾನೇ ನಿಂತಿತು.
‘ನೋಡಿದಿರಾ ಮೇಡಂ? ನಿಮ್ಮ ಕಾಲೇ ಬೇಡ!’

ನೋಡಿದೆ.
ಹತ್ತೊಂಬತ್ತು ವರ್ಷ ನಾನೇ ಆ ಟಿಣ್.
ತಿರುವು ತಿರುವಿಗೆ ಶಿಲುಬೆ ಗುರುತು ಮಾಡಲು
ಎರಡೂ ಕೈ ಬಿಡುತ್ತಿದ್ದ ಪಾದ್ರಿಗೆ,
ವೃತ್ತ ಕಂಡರೆ ಅಳುತ್ತಿದ್ದ ದಂತವೈದ್ಯೆಗೆ,
ಗೇರು ಬದಲಿಸುವಾಗ ಕಣ್ಣು ಮುಚ್ಚುತ್ತಿದ್ದ ಕಟುಕನಿಗೆ.
ಅವರೆಲ್ಲ ಈಗ ಎಲ್ಲೆಲ್ಲಿಗೋ ಹೋಗುತ್ತಾರೆ,
ಬತೂಮಿಯಿಂದ, ಟರ್ಕಿಯಿಂದ ಫೋಟೊ ಕಳಿಸುತ್ತಾರೆ.
ನಾನು ದಿನಕ್ಕೆ ಎಂಟು ಗಂಟೆ ರಸ್ತೆಯಲ್ಲಿದ್ದೂ
ಪರೀಕ್ಷೆ ಮೈದಾನದ ಕೇಸರಿ ಕೋನುಗಳಾಚೆ
ಹೋದದ್ದು ಲೆಕ್ಕಕ್ಕಿಲ್ಲ.

ಹಸಿರಿನ ಬಳಿ ಲಮಾರಾ.
ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆ ಉಗಿಯುತ್ತ
ಕೇಳುವ ಮೊದಲೇ ಹೇಳಿದಳು:
‘ಬಲಗಡೆ ಗುದ್ದಿಸಿಕೊಂಡ ಕಾರು. ಬಾಗಿಲು ಬೇರೆಯದು.
ಮುಟ್ಟಿ ನೋಡು.’
ಮುಟ್ಟಿದೆ. ಬಣ್ಣ ಒಂದೆಳೆ ತೆಳು.
ಅಂಚಿನಲ್ಲಿ ಬೆರಳು ಹೋಗುವಷ್ಟು ಸಂದು.
ನಾನು ದಿನಾ ಕೂರುವ ಕಡೆ.

ಬಾದ್ರಿ ತೋಳು ಜಗ್ಗಿದ. ‘ಅತ್ತಿಗೆ, ಆರು ಅಂಕ.’
ನನ್ನ ಕೈ ಆಗಲೇ ಆ ಬಾಗಿಲಿನ ಹಿಡಿಯ ಮೇಲೆ.
‘ಆ ಕಡೆಯಲ್ಲ,’ ಎಂದಳು ಲಮಾರಾ.
‘ಕೊಳ್ಳುವವಳು ನೀನು ತಾನೆ? ಈ ಕಡೆ ಬಾ.’

ಸೀಟು ಮುಂದೆಳೆದೆ. ಕನ್ನಡಿ ಇಳಿಸಿದೆ.
ಎಷ್ಟು ಜನಕ್ಕೆ ಹೇಳಿಕೊಟ್ಟ ಪಾಠ,
ಕೈ ಮಾತ್ರ ಹೊಸಬಳದು.
ಸಂತೆಯ ಗೇಟು ದಾಟಿ, ಗುಂಡಿ ತಪ್ಪಿಸಿ,
ಹೆದ್ದಾರಿಗೆ ಹತ್ತುವ ಇಳಿಜಾರು ತಿರುವಿನಲ್ಲಿ
ಸ್ವಲ್ಪ ಜೋರಾಗೇ ತಿರುಗಿಸಿದೆ, ಸುಳ್ಳೇಕೆ.
ಪಕ್ಕದಲ್ಲಿ ಲಮಾರಾಳ ಬಲಗಾಲು
ನೆಲವನ್ನು ಒತ್ತಿತು, ಗಟ್ಟಿಯಾಗಿ,
ಬೀಜದ ಪೊಟ್ಟಣ ಚೆಲ್ಲಿತು.

‘ಅಲ್ಲಿ ಏನೂ ಇಲ್ಲ,’ ಎಂದೆ. ‘ನನಗೆ ಗೊತ್ತು.’

ಚಳಿಗಾಲದ ಟೈರು ಕೇಳಿದೆ. ನಾಲ್ಕಕ್ಕೆ ಎರಡು ಕೊಟ್ಟಳು.
ಬಾದ್ರಿ ಪುಸ್ತಕ ಜೇಬಿಗಿಟ್ಟು
ಬೇರೆ ಬಣ್ಣದ ಬಾಗಿಲನ್ನು ಎರಡು ಸಲ ಎಳೆದು ಹಾಕಿದ,
ಮೊದಲ ಸಲ ಅದು ಸರಿಯಾಗಿ ಕೂರಲಿಲ್ಲ.
ಮನೆಗೆ ಎಡಕ್ಕೆ ಹೋಗಬೇಕು.
‘ಅತ್ತಿಗೆ,’ ಎಂದ, ‘ಎಡಕ್ಕೆ.’